ನೆಲಮಾಳಿಗೆಯ ಸ್ಯಾಕ್ಸೋಫೋನು, ಶನಿವಾರದ ಬ್ಯಾಂಡು

ಸೆಪ್ಟೆಂಬರ್ 21, 2024, ಶನಿವಾರ

ಸ್ಯಾಕ್ಸೋಫೋನ್ ಕಲಿಯಲು ಶುರು ಮಾಡಿ ಆರು ವಾರ ಆಯಿತು. ಕರ್ನಾಟಕ ಸಂಗೀತದ ಮೊದಲ ಪಾಠವಾದ ಸರಳೆ ವರಸೆಯ ಮೂರನೆಯ ಸಾಲಿನಲ್ಲಿ ಗಾಡಿ ನಿಂತಿದೆ. ಬರೆದಿಡದಿದ್ದರೆ ನೀವು ಇದನ್ನೂ ಯೋಗ ಕ್ಲಾಸಿನ ಹಾಗೆ ಬಿಡುತ್ತೀರಿ ಎಂದು ಹೆಂಡತಿ ಅಂದಳು. ಅದಕ್ಕೇ ಈ ಲೆಕ್ಕ.

ವಾದ್ಯ ಆಲ್ಟೋ ಸ್ಯಾಕ್ಸೋಫೋನ್. ಈಗಿರುವ ಊರು ಅಮೆರಿಕದ ಕೊಲಂಬಸ್, ಹುಟ್ಟಿದ್ದು ಪುತ್ತೂರಿನ ಹತ್ತಿರ. ವಿದ್ಯಾರ್ಥಿಗೆ 46 ವರ್ಷ. ಮಗಳು ಆರನೇ ಕ್ಲಾಸಿನಲ್ಲಿ ಶಾಲೆಯ ಬ್ಯಾಂಡಿಗೆ ಸೇರಿದಾಗ ಬಾಡಿಗೆಗೆ ತಂದದ್ದು, ಕಂತು ತೀರಿದ ಮೇಲೆ ನಮ್ಮದೇ ಆಗುವ ಕರಾರು. ಕಂತು ತೀರುವ ಹೊತ್ತಿಗೆ ಅವಳಿಗೆ ವಾಲಿಬಾಲ್ ಹಿಡಿಸಿತ್ತು. ಎರಡು ವರ್ಷ ಪೆಟ್ಟಿಗೆ ನೆಲಮಾಳಿಗೆಯಲ್ಲಿ ವಾಷಿಂಗ್ ಮೆಷಿನ್ನಿನ ಪಕ್ಕ ಬಿದ್ದಿತ್ತು. ಆಗಸ್ಟಿನಲ್ಲಿ ಕ್ಲೀನ್ ಮಾಡುವಾಗ ತೆಗೆದು ಊದಿದೆ. ಮೇಲಿನಿಂದ ಮಗಳು ಕೂಗಿ ಹೇಳಿದಳು: "ಅಪ್ಪಾ, ರೀಡ್ ತಲೆಕೆಳಗೆ ಹಾಕಿದ್ದೀಯ." ರೀಡ್ ಅಂದರೆ ಬಾಯಿಗಿಡುವ ತುದಿಯಲ್ಲಿ ಕಂಪಿಸಿ ಸ್ವರ ಹುಟ್ಟಿಸುವ ತೆಳು ಪಟ್ಟಿ.

ಕೆಳದವಡೆ ನೋಯುತ್ತದೆ. ಕೆಳತುಟಿಯ ಒಳಗೆ ಹಲ್ಲಿನ ಗುರುತು ಬಿದ್ದಿದೆ. ಎರಡನೇ ನಂಬರಿನ ರೀಡ್, ತೆಳ್ಳಗಿನದು, ಹೊಸಬರಿಗೆ ಅದೇ ಸರಿಯಂತೆ.

ಇಷ್ಟು ದಿನದಲ್ಲಿ ಒಂದು ದೊಡ್ಡ ತೀರ್ಮಾನ ಮಾಡಿದ್ದೇನೆ: ಷಡ್ಜ, ಅಂದರೆ ಸ, ಎಲ್ಲಿ. ಆಲ್ಟೋದಲ್ಲಿ 'ಜಿ' ಎಂದು ಬೆರಳಿಟ್ಟರೆ ಕೇಳುವುದು ಬಿ-ಫ್ಲ್ಯಾಟ್, ನಮ್ಮ ಲೆಕ್ಕದಲ್ಲಿ ಆರೂವರೆ ಮನೆಯ ಶ್ರುತಿ. ಅದನ್ನೇ ಸ ಮಾಡಿಕೊಂಡರೆ ಕೆಳಗೆ ಮಂದ್ರ ಪಂಚಮ (ಪ), ಮೇಲೆ ತಾರ ಪಂಚಮ ಆರಾಮಾಗಿ ಸಿಗುತ್ತವೆ. ಫೋನಿನ ತಂಬೂರಿಯನ್ನು ಅಲ್ಲಿಗೇ ಇಟ್ಟಿದ್ದೇನೆ.

ಆದರೆ ಮೊದಲ ಪಾಠಗಳ ರಾಗವಾದ ಮಾಯಾಮಾಳವಗೌಳದ ಶುದ್ಧ ರಿಷಭ (ರಿ) ಎಡಗೈ ಕಿರುಬೆರಳಿಗೆ ಬಂತು, ಶುದ್ಧ ಧೈವತ (ದ) ಬಲಗೈ ಕಿರುಬೆರಳಿಗೆ ಬಂತು. ಇಷ್ಟು ವರ್ಷ ಕೀಬೋರ್ಡ್ ಕುಟ್ಟಿದ್ದರೂ ಈ ಎರಡು ಬೆರಳಿಗೆ ಕೆಲಸವೇ ಇರಲಿಲ್ಲ ಎಂದು ಈಗ ಗೊತ್ತಾಗುತ್ತಿದೆ.

ಅದರ ಜೊತೆಗೆ ಆ ರಿಷಭದ ತೂತನ್ನು ಮುಚ್ಚುವ ಪ್ಯಾಡು ಅಂಟಿಕೊಳ್ಳುತ್ತದೆ. ಕೀ ಒತ್ತಿದ ತಕ್ಷಣ ಅದು ಮೇಲೇಳಬೇಕು. ಎತ್ತುವುದು ಬೆರಳಲ್ಲ, ಒಂದು ಬಡಪಾಯಿ ಸ್ಪ್ರಿಂಗು. ಎಂಜಲು ಒಣಗಿ ಅಂಟಾದರೆ ಸ್ಪ್ರಿಂಗಿಗೆ ತಾಕತ್ತು ಸಾಲುವುದಿಲ್ಲ. ಆಗ ಸ ರಿ ಗ ಮ ಹೋಗಿ ಸ ಸ ಗ ಮ ಆಗುತ್ತದೆ. ಎರಡು ವಾರ ನನ್ನದೇ ತಪ್ಪು ಎಂದು ಬೆರಳನ್ನು ಬೈದೆ. ಕೊನೆಗೆ ಮಗಳು ಬಂದು ಪ್ಯಾಡಿನ ಕೆಳಗೆ ಒಂದು ಡಾಲರಿನ ನೋಟು ತೂರಿಸಿ, ಮೆಲ್ಲಗೆ ಒತ್ತಿ, ಎಳೆದಳು. ನೋಟಿನ ಮೇಲೆ ಕಂದು ಬಣ್ಣದ ಅರ್ಧಚಂದ್ರ ಮೂಡಿತ್ತು. "ಬ್ಯಾಂಡಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ." ರಿಷಭ ಬಂತು. ನೋಟು ಈಗ ಪೆಟ್ಟಿಗೆಯಲ್ಲೇ ಇರುತ್ತದೆ.

ಇವತ್ತು ಮಧ್ಯಾಹ್ನ 12ಕ್ಕೆ ಈ ಊರಿನ ಯೂನಿವರ್ಸಿಟಿ ಒಹಾಯೋ ಸ್ಟೇಟ್‌ನ ಅಮೆರಿಕನ್ ಫುಟ್‌ಬಾಲ್ ಆಟ ಇತ್ತು, ಮಾರ್ಷಲ್ ಯೂನಿವರ್ಸಿಟಿ ಜೊತೆ, 49-14, ಗೆದ್ದರು. ಬೀದಿಯಲ್ಲಿ ಒಂದು ನಾಯಿಯೂ ಇಲ್ಲ. ಊದುವುದಕ್ಕೂ ದಿನಸಿ ತರುವುದಕ್ಕೂ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಿಕ್ಕಿಲ್ಲ.

ಅಕ್ಟೋಬರ್ 13, ಭಾನುವಾರ

ಶುಕ್ರವಾರ ಆಯುಧಪೂಜೆಗೆ ಕಾರಿನ ಪಕ್ಕ ಸ್ಯಾಕ್ಸೋಫೋನಿಗೂ ಕುಂಕುಮ ಇಟ್ಟೆ. ಅದೇ ದಿನ ಸ್ಯಾಕ್ಸೋಫೋನ್ ವಿದ್ವಾಂಸ ಕದ್ರಿ ಗೋಪಾಲನಾಥ್ ತೀರಿಕೊಂಡು ಐದು ವರ್ಷ ತುಂಬಿತು, 2019ರ ಅಕ್ಟೋಬರ್ 11. ನಮ್ಮ ಪಕ್ಕದ ಬಂಟ್ವಾಳ ತಾಲೂಕಿನ ಸಜಿಪದವರು, ನಾಗಸ್ವರದ ಮನೆತನ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ, ನುಡಿಸಿದರೆ ಇದನ್ನೇ ಎಂದು ಹಟ ಹಿಡಿದವರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದ ವೇದಿಕೆಗೂ ಹೋಗಿ ಬಂದರು. ಅವರಿಂದಾಗಿ ನಮ್ಮ ಕಡೆ ಜಾತ್ರೆ, ಮದುವೆ, ಕೋಲ ಎಲ್ಲದಕ್ಕೂ ಸ್ಯಾಕ್ಸೋಫೋನೇ ವಾಲಗ. ನನ್ನ ತಲೆಯಲ್ಲಿ ಧಾರೆಯ ಗಟ್ಟಿಮೇಳ ಅಂದರೆ ಇದರದೇ ಸ್ವರ. ಇಲ್ಲಿ ಜಾಜ್ ಎಂದು ಕೇಳಿದಾಗ, ಇವರೇಕೆ ಮದುವೆಯ ವಾದ್ಯವನ್ನು ರಾತ್ರಿ ಹೊತ್ತು ಬಾರಿನಲ್ಲಿ ಊದುತ್ತಾರೆ ಎಂದು ಮೊದಮೊದಲು ಅನ್ನಿಸಿದ್ದುಂಟು.

ನಿನ್ನೆ ವಿಜಯದಶಮಿ. ಒಳ್ಳೆಯ ದಿನವೆಂದು ಮುಂದಿನ ಪಾಠ, ಸ್ವರಗಳನ್ನು ಜೋಡಿಯಾಗಿ ನುಡಿಸುವ ಜಂಟಿ ವರಸೆ, ಶುರು ಮಾಡಿದೆ. ರಾತ್ರಿ ಒರೆಗಾನ್‌ನಲ್ಲಿ ಒಹಾಯೋ ಸ್ಟೇಟ್ ಒಂದೇ ಒಂದು ಪಾಯಿಂಟಿನಿಂದ ಸೋತಿತು, 32-31. ಪಕ್ಕದ ಮನೆಯ ಯಜಮಾನರು ಬೆಳಿಗ್ಗೆ ಎಲೆ ಗುಡಿಸುತ್ತಿದ್ದರು, ಕೈ ಎತ್ತಲಿಲ್ಲ. ಇಂಥ ದಿನ ಊದಬಾರದು ಎಂಬಷ್ಟು ನನಗೂ ಗೊತ್ತಾಗುತ್ತದೆ.

ಅಕ್ಟೋಬರ್ 26, ಶನಿವಾರ

ಆಫೀಸಿನ ಗೆಳೆಯನ ಹೆಂಡತಿಗೆ ಜ್ವರ, ನನಗೆ ಒಹಾಯೋ ಸ್ಟೇಟ್ ಆಟದ ಟಿಕೆಟ್. ಹದಿನಾಲ್ಕು ವರ್ಷ ಈ ಊರಿನಲ್ಲಿದ್ದು ಸ್ಟೇಡಿಯಮ್ಮಿನ ಒಳಗೆ ಕಾಲಿಟ್ಟದ್ದು ಇದೇ ಮೊದಲು.

ಗೆಳೆಯ ಮೊದಲು ಕರೆದುಕೊಂಡು ಹೋದದ್ದು ಸ್ಟೇಡಿಯಮ್ಮಿಗಲ್ಲ, ಅದರ ಹತ್ತಿರದ ಸೇಂಟ್ ಜಾನ್ ಅರೀನಾಕ್ಕೆ. ಆಟಕ್ಕೆ ಮುಂಚೆ ಯೂನಿವರ್ಸಿಟಿಯ ಬ್ಯಾಂಡು ಅಲ್ಲಿ ನುಡಿಸಿ ಬಾಯಿ ಬಿಸಿ ಮಾಡಿಕೊಳ್ಳುತ್ತದೆ, ಅದಕ್ಕೆ ಸ್ಕಲ್ ಸೆಷನ್ ಎಂದು ಹೆಸರು. ಹಳೆಯ ಒಳಾಂಗಣ, ಗಟ್ಟಿ ಬೆಂಚು. ಇನ್ನೂರಕ್ಕೂ ಮಿಕ್ಕಿ ಹುಡುಗ ಹುಡುಗಿಯರು ಒಟ್ಟಿಗೆ ಊದಿದಾಗ ಶಬ್ದ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ರಾತ್ರಿ ಬಯಲಾಟದಲ್ಲಿ ಚೆಂಡೆಯ ಹತ್ತಿರ ಕೂತವರಿಗೆ ಇದು ಗೊತ್ತಿರುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿ ಮನೆಗೆ ಬಂದು ಕೇಳಿದೆ, ಡಬ್ಬಿಯಲ್ಲಿ ಜೀರುಂಡೆ ಹಾಕಿದ ಹಾಗಿತ್ತು. ಅಳಿಸಿದೆ.

ನಾನು ಹುಡುಕಿದ್ದು ಸ್ಯಾಕ್ಸೋಫೋನ್ ಸಾಲನ್ನು. ಎರಡು ಸಲ ಕಣ್ಣಾಡಿಸಿದೆ, ಒಂದೂ ಇಲ್ಲ! ಈ ಬ್ಯಾಂಡಿನಲ್ಲಿ 1934ರಿಂದ ಬ್ರಾಸ್, ಅಂದರೆ ಹಿತ್ತಾಳೆ ವಾದ್ಯ, ಮತ್ತು ಡ್ರಮ್ಮು ಮಾತ್ರವಂತೆ. ಮೈಯೆಲ್ಲ ಹಿತ್ತಾಳೆಯಾದರೂ ರೀಡಿನಿಂದ ಸ್ವರ ಬರುತ್ತದೆ ಎಂಬ ಕಾರಣಕ್ಕೆ ನಮ್ಮ ಸ್ಯಾಕ್ಸೋಫೋನು ಕೊಳಲು, ಕ್ಲಾರಿನೆಟ್ಟಿನ ಪಂಕ್ತಿಗೆ ಸೇರುತ್ತದೆ. ಅಂದರೆ ಇಲ್ಲಿ ಪಂಕ್ತಿಭೇದ. ಸ್ವಲ್ಪ ಬೇಜಾರಾಯಿತು.

ಸ್ಟೇಡಿಯಂ 1922ರದ್ದು, ಕುದುರೆ ಲಾಳದ ಆಕಾರ, ಲಕ್ಷದ ಮೇಲೆ ಜನ. ಆಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೆಸರು ಫುಟ್‌ಬಾಲ್, ಕಾಲಿಗೆ ಚೆಂಡು ತಾಗುವುದು ಅಪರೂಪ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು. ಗಡಿಯಾರದಲ್ಲಿ 60 ನಿಮಿಷ, ಕೂತದ್ದು ಮೂರೂವರೆ ಗಂಟೆ. ಉಳಿದ ಸಮಯವೆಲ್ಲ ನಿಲ್ಲುವುದು, ಗುಂಪಾಗಿ ಮಾತಾಡುವುದು, ಟಿವಿಯ ಜಾಹೀರಾತಿಗೆ ಕಾಯುವುದು. ಈ ಖಾಲಿ ಜಾಗಗಳನ್ನೆಲ್ಲ ಬ್ಯಾಂಡು ತುಂಬುತ್ತದೆ. ಬ್ಯಾಂಡ್ ಇಲ್ಲದೆ ಈ ಆಟ ನೋಡುವುದು ಭಾಗವತರಿಲ್ಲದ ಯಕ್ಷಗಾನ ಎಂಬುದು ನನ್ನ ಅಭಿಪ್ರಾಯ, ಗೆಳೆಯ ಒಪ್ಪಲಿಲ್ಲ.

ಅವರು ಒಳಗೆ ಬರುವುದೇ ಒಂದು ಪ್ರವೇಶ. ಉತ್ತರದ ಇಳಿಜಾರಿನಿಂದ ಡ್ರಮ್ಮಿನ ನಡೆಗೆ ಚಿಕ್ಕ ಚಿಕ್ಕ ಹೆಜ್ಜೆ, ಸಾಲು ಸಾಲು. ಕೊನೆಗೆ ಬ್ಯಾಂಡಿನ ಮುಂದಾಳು, ಡ್ರಮ್ ಮೇಜರ್, ಓಡಿ ಬಂದು ನಿಂತು, ಹಿಂದಕ್ಕೆ ಬಾಗಿ ಬಾಗಿ ಟೊಪ್ಪಿಯ ತುರಾಯಿಯನ್ನು ನೆಲಕ್ಕೆ ಮುಟ್ಟಿಸುತ್ತಾನೆ.

ಆಮೇಲೆ ಅದು ಬಂತು, ಎಲ್ಲರೂ ಕಾಯುವ ಅಕ್ಷರ. ಹಳೆಯ ಫ್ರೆಂಚ್ ಮಾರ್ಚ್ ಒಂದನ್ನು ನುಡಿಸುತ್ತ ಇಡೀ ಬ್ಯಾಂಡು ಒಂದೇ ಸಾಲಾಗಿ ಬಿಚ್ಚಿಕೊಂಡು ಹಸಿರು ಮೈದಾನದ ಮೇಲೆ ಕೂಡಕ್ಷರದಲ್ಲಿ 'ಒಹಾಯೋ' ಎಂದು ಇಂಗ್ಲಿಷಿನಲ್ಲಿ ಬರೆಯುತ್ತದೆ. 1936ರಿಂದ ನಡೆದುಬಂದದ್ದು. ಅಕ್ಷರ ಮುಗಿಯುತ್ತಿದ್ದ ಹಾಗೆ ಸೂಸಾಫೋನ್ ಎಂಬ, ಮೈಗೆ ಸುತ್ತಿಕೊಳ್ಳುವ ದೊಡ್ಡ ಕಹಳೆ ಹೊತ್ತ ಒಬ್ಬರು ಸಾಲು ಬಿಟ್ಟು, ಕಾಲನ್ನು ಎತ್ತೆತ್ತಿ ಹಾಕುತ್ತ 'ಐ' ಅಕ್ಷರದ ತಲೆಯ ಮೇಲೆ ಹೋಗಿ ಚುಕ್ಕಿಯಾಗಿ ನಿಲ್ಲುತ್ತಾರೆ. ಟೊಪ್ಪಿ ತೆಗೆದು ಎರಡೂ ಕಡೆಗೆ ಬಾಗುತ್ತಾರೆ. ಅಷ್ಟೇ. ಎಲ್ಲಿ ಬರುತ್ತದೆ, ಹೇಗೆ ಬರುತ್ತದೆ ಎಂದು ಪ್ರತಿಯೊಬ್ಬರಿಗೂ ಗೊತ್ತು. ಆದರೂ ಆ ಹತ್ತು ಹದಿನೈದು ಹೆಜ್ಜೆ ಲಕ್ಷ ಜನ ಉಸಿರು ಹಿಡಿದು, ಚುಕ್ಕಿ ಬಿದ್ದ ತಕ್ಷಣ ಕೂಗಿದರು. ನಾನೂ ಕೂಗಿದೆ. ಕಛೇರಿಯ ತನಿಯಲ್ಲಿ, ಅಂದರೆ ಮೃದಂಗದವರ ಸರದಿಯಲ್ಲಿ, ಮುಕ್ತಾಯದ ಕೋರ್ವೆ ಮೂರನೇ ಸಲ ಬಂದು ಎಡುಪಿಗೆ, ಹಾಡು ಎತ್ತಿಕೊಳ್ಳುವ ಜಾಗಕ್ಕೆ, ಕೂರುವಾಗ ತೊಡೆಯ ಮೇಲೆ ಬೀಳುವ ಕೈಯೇ ಮೇಲೆ ಹೋಗಿತ್ತು.

ಆಟ ನೆಬ್ರಾಸ್ಕಾ ಜೊತೆ 21-17, ಗೆದ್ದರು. ಮನೆಗೆ ಬಂದು ಪಕ್ಕದ ಯಜಮಾನರಿಗೆ ಹೇಳಿದೆ, 1932ರಲ್ಲೇ ಇವರ ಬದ್ಧ ಎದುರಾಳಿ ಮಿಶಿಗನ್ ಯೂನಿವರ್ಸಿಟಿಯ ಬ್ಯಾಂಡು ಇಲ್ಲಿಗೆ ಬಂದು ಆ ಅಕ್ಷರ ಮೊದಲು ಬರೆದಿತ್ತಂತೆ ಎಂದು. ಹೇಳಬಾರದಿತ್ತು.

ಇವತ್ತು ಅಭ್ಯಾಸ ಇಲ್ಲ, ಗಂಟಲು ಹೋಗಿದೆ.

ನವೆಂಬರ್ 30, ಶನಿವಾರ

ಸ್ವರವನ್ನು ಜಾರಿಸುವ, ತೂಗಿಸುವ ಗಮಕದ ಹತ್ತಿರ ಬಂದೆ, ಸಿಕ್ಕಿಬಿದ್ದೆ. ನಾಗಸ್ವರದಲ್ಲಿ ತೂತು ತೆರೆದಿರುತ್ತದೆ, ಬೆರಳನ್ನು ಅರ್ಧ ಸರಿಸಬಹುದು. ಇಲ್ಲಿ ತೂತಿನ ಮೇಲೆ ಮುಚ್ಚಳ, ಮುಚ್ಚಳಕ್ಕೆ ಕೀ. ಅರ್ಧ ಎಂಬುದೇ ಕಷ್ಟ. ಜಾರಿಸುವ ಕೆಲಸವನ್ನು ದವಡೆ ಮತ್ತು ಗಂಟಲು ಮಾಡಬೇಕು. ದವಡೆ ಸಡಿಲ ಬಿಟ್ಟರೆ ಸ್ವರ ಕೆಳಗೆ ಜಾರುತ್ತದೆ, ಮೇಲಕ್ಕೆ ಎಳೆಯಲು ಹೋದರೆ ಬರುವುದಿಲ್ಲ, ಕಿರುಚುತ್ತದೆ. ಹಾಗಾಗಿ ಮೇಲಿನ ಸ್ವರವನ್ನು ಹಿಡಿದು ಕೆಳಗೆ ಇಳಿದು ಬರುವ ಉಪಾಯ. ಮೂರು ವಾರದಿಂದ ಇದೊಂದೇ: ಮ ಹಿಡಿ, ಗಕ್ಕೆ ಇಳಿ.

ವಾಟ್ಸಾಪಿನಲ್ಲಿ ಅಮ್ಮನಿಗೆ ಕಳಿಸಿದೆ. "ಎಂತ ಮಾರಾಯ ಇದು, ಹಟ್ಟಿಯಲ್ಲಿ ಕರು ಕಟ್ಟಿ ಹಾಕಿದ ಹಾಗೆ ಉಂಟು" ಅಂದರು. ಸ್ವಲ್ಪ ಬಿಟ್ಟು, "ಅಲ್ಲಿ ಈಗ ಚಳಿ ಜೋರಾ?"

ಇವತ್ತು ಮಿಶಿಗನ್ ಆಟ. ಈ ವಾರ ಪೂರ್ತಿ ಯೂನಿವರ್ಸಿಟಿಯಲ್ಲಿ ಬೋರ್ಡುಗಳ ಮೇಲೆ ಎಲ್ಲೆಲ್ಲಿ 'ಎಮ್' ಇದೆಯೋ ಅಲ್ಲೆಲ್ಲ ಕೆಂಪು ಅಡ್ಡಗೀಟು ಬಿದ್ದಿತ್ತು. ನಮ್ಮೂರಿನವರು ಸೋತರು, 13-10, ಅದೂ ಸ್ವಂತ ಮೈದಾನದಲ್ಲಿ. ಗೆದ್ದವರು ನಡುವೆ ಬಾವುಟ ನೆಡಲು ಹೋಗಿ ಹೊಡೆದಾಟವಾಗಿ ಪೊಲೀಸರು ಪೆಪ್ಪರ್ ಸ್ಪ್ರೇ ಹಾಕಿದರು. ಸಂಜೆ ಗ್ಯಾರೇಜಿನಲ್ಲಿ ಊದುತ್ತಿದ್ದಾಗ ಪಕ್ಕದ ಯಜಮಾನರು ಬಾಗಿಲಲ್ಲಿ ಬಂದು ನಿಂತರು. ಶಬ್ದ ಜಾಸ್ತಿ ಆಯಿತೇನೋ ಎಂದು ನಿಲ್ಲಿಸಿದೆ. "ಇಲ್ಲ ಇಲ್ಲ, ನುಡಿಸಿ. ಟಿವಿಯಲ್ಲಿ ಎಲ್ಲ ಅದನ್ನೇ ಹೇಳುತ್ತಿದ್ದಾರೆ, ಬೇರೆ ಏನಾದರೂ ಕೇಳಬೇಕು" ಅಂದರು. ಮಡಚುವ ಕುರ್ಚಿ ಕೊಟ್ಟೆ. ಮ, ಗ, ಮ, ಗ ಎಂದು ಇಪ್ಪತ್ತು ನಿಮಿಷ ಕೇಳಿದರು. ಪಾಪ.

ಡಿಸೆಂಬರ್ 21, ಶನಿವಾರ

ನೆಲಮಾಳಿಗೆಯಲ್ಲಿ ನೆಂಟರು ಮಲಗಿದ್ದಾರೆ, ಹಾಗಾಗಿ ಗ್ಯಾರೇಜು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ. ತಂಬೂರಿ ಆರೂವರೆಯಲ್ಲಿ, ನನ್ನ ಷಡ್ಜ ಅದಕ್ಕಿಂತ ಕೆಳಗೆ. ಕೊಳವೆಯೊಳಗಿನ ಗಾಳಿ ತಣ್ಣಗಿದ್ದರೆ ಶಬ್ದ ನಿಧಾನ ಓಡುತ್ತದೆ, ಶ್ರುತಿ ಇಳಿಯುತ್ತದೆ. ಮೌತ್‌ಪೀಸನ್ನು ಕಾರ್ಕಿನ ಮೇಲೆ ಒಳಕ್ಕೆ ತಳ್ಳಿದೆ, ಸರಿಹೋಯಿತು. ಹತ್ತು ನಿಮಿಷ ಊದಿ ಬಿಸಿಯಾದ ಮೇಲೆ ಮತ್ತೆ ಮೇಲಾಯಿತು, ಹೊರಕ್ಕೆ ಎಳೆದೆ.

ರಾತ್ರಿ 8ಕ್ಕೆ ಟೆನೆಸಿ ಜೊತೆ ಚಾಂಪಿಯನ್ ಪಟ್ಟದ ಪ್ಲೇಆಫ್ ಆಟ, ಇದೇ ಊರಿನಲ್ಲಿ. ಟಿವಿಯಲ್ಲಿ ಬ್ಯಾಂಡ್ ತೋರಿಸಿದಾಗ ನನಗೆ ಕಂಡದ್ದು ಬಾಯಿಗೆ ತಾಗಿದ ತಣ್ಣನೆಯ ಲೋಹ ಮಾತ್ರ. ಹೆಂಡತಿ ಕೇಳಿದಳು, ನೀವು ಏಕೆ ತುಟಿ ಮುಟ್ಟಿಕೊಳ್ಳುತ್ತಿದ್ದೀರಿ ಎಂದು. 42-17, ಗೆದ್ದರು.

ಜನವರಿ 20, 2025, ಸೋಮವಾರ

ಅಟ್ಲಾಂಟಾದಲ್ಲಿ ನೋಟ್ರ್ ಡೇಮ್ ವಿರುದ್ಧ 34-23. ಒಹಾಯೋ ಸ್ಟೇಟ್ ರಾಷ್ಟ್ರೀಯ ಚಾಂಪಿಯನ್. ಬೀದಿಯಲ್ಲಿ ಪಟಾಕಿ. ವರಸೆಗಳಾದ ಮೇಲೆ ಕಲಿಯುವ ಮೊದಲ ಹಾಡು, ಮಲಹರಿ ರಾಗದ ಮೊದಲ ಪಿಳ್ಳಾರಿ ಗೀತೆ, ತಪ್ಪಿಲ್ಲದೆ ಬಂತು, ಯಾರೂ ಕೇಳಲಿಲ್ಲ.

ಏಪ್ರಿಲ್, ತಿಂಗಳ ಕೊನೆ

ಫೆಬ್ರವರಿ, ಮಾರ್ಚ್ ಬರೆಯಲಿಲ್ಲ. ಆಫೀಸಿನಲ್ಲಿ ಕೆಲಸಕ್ಕೆ ಕುತ್ತು ಬಂದಿತ್ತು, ಉಳಿಯಿತು. ಅಭ್ಯಾಸ ವಾರಕ್ಕೆ ಎರಡು ದಿನಕ್ಕೆ ಇಳಿದಿತ್ತು.

ಕ್ಲೀವ್‌ಲ್ಯಾಂಡಿನ ತ್ಯಾಗರಾಜ ಉತ್ಸವಕ್ಕೆ ಒಂದು ಸಂಜೆ ಹೋಗಿ ಬಂದೆವು. 1978ರಿಂದ ನಡೆಯುತ್ತಿದೆ. ನಮ್ಮಿಂದ ಎರಡು ಗಂಟೆಗೂ ಸ್ವಲ್ಪ ಹೆಚ್ಚಿನ ದಾರಿ, ನಡುವೆ ಬರೀ ಹೊಲ. ಕಾರಿನಲ್ಲಿ ಚಿತ್ರಾನ್ನ, ಮಗಳಿಗೆ ಇಯರ್‌ಫೋನ್. ಸಭೆಯಲ್ಲಿ ನನ್ನ ಮುಂದೆ ಕೂತ ಅಜ್ಜಿಯೊಬ್ಬರು ಸ್ವೆಟರಿನ ತೋಳೊಳಗಿಂದ ಬೆರಳಷ್ಟೇ ಹೊರಗಿಟ್ಟು ತಾಳ ಹಾಕುತ್ತಿದ್ದರು. ತನಿ ಶುರುವಾಗುವಾಗ ಕೆಲವರು ಕಾಫಿಗೆ ಎದ್ದರು, ಇದು ಎಲ್ಲ ಊರಿನಲ್ಲೂ ಒಂದೇ. ಕೋರ್ವೆ ಬಂದಾಗ ಮಗಳು ಇಯರ್‌ಫೋನ್ ತೆಗೆದು, "ಡಾಟ್ ದಿ ಐ ಥರ" ಅಂದಳು. ನಾನು ಅವಳಿಗೆ ಯಾವತ್ತೂ ಅದನ್ನು ಹೇಳಿರಲಿಲ್ಲ. ಮಾತಾಡದೆ ತಾಳ ಹಾಕಿದೆ, ತಪ್ಪಿತು.

ಈ ತಿಂಗಳೇ ಇನ್ನೊಂದು. 17ರಂದು, ಗುರುವಾರ, ಮೀಟಿಂಗ್ ನಡುವೆ ಅಮ್ಮನ ಫೋನ್. ಪುತ್ತೂರಿನಲ್ಲಿ ಮಹಾಲಿಂಗೇಶ್ವರನ ಜಾತ್ರೆ, ರಥೋತ್ಸವದ ರಾತ್ರಿ. "ಕೇಳು, ನಿನ್ನ ವಾದ್ಯ" ಎಂದು ಫೋನನ್ನು ಮೇಲೆ ಹಿಡಿದರು. ಜನ, ಗರ್ನಾಲು ಸಿಡಿಮದ್ದು, ಚೆಂಡೆ, ನಡುವೆ ಎಲ್ಲೋ ಎರಡು ಸ್ಯಾಕ್ಸೋಫೋನು. ಮೈಕ್ ಮ್ಯೂಟ್ ಮಾಡಿ ಕಿವಿಗೆ ಒತ್ತಿ ಹಿಡಿದೆ. ರಾಗ ಯಾವುದೆಂದು ಹಿಡಿಯುವಷ್ಟರಲ್ಲಿ ಪಟಾಕಿ ಹೊಡೆದರು. ಆದರೆ ಅವರಲ್ಲಿ ಒಬ್ಬ ಮಧ್ಯಮದಿಂದ ಗಾಂಧಾರಕ್ಕೆ ದವಡೆ ಬಿಟ್ಟು ಇಳಿದದ್ದು ಸ್ಪಷ್ಟವಾಗಿ ಕೇಳಿತು.

"ನೀನು ಊದುವುದೂ ಇದುವೇ ಅಲ್ವಾ ಮಗಾ?"

"ಇದೇ ಅಮ್ಮ. ಅವರದ್ದು ಸ್ವಲ್ಪ ಚೆನ್ನಾಗಿದೆ."

"ಸ್ವಲ್ಪವಾ!"

ಬಾಕಿ ಕೆಲಸ: ರಿಷಭದ ಪ್ಯಾಡು ಬದಲಿಸಲೇಬೇಕು, ನೋಟು ಈಗ ಹರಿದು ಎರಡಾಗಿದೆ. ಎರಡೂವರೆ ನಂಬರಿನ ರೀಡ್ ಒಂದು ಡಬ್ಬಿ ತರಿಸಿದ್ದೇನೆ, ಶನಿವಾರ ಬರುತ್ತದೆ.