ಅರ್ಧಕ್ಕೇ ನಿಂತ ಕೈ

5 ಏಪ್ರಿಲ್ 2025, ಶನಿವಾರ ರಾತ್ರಿ
ಸ್ಯಾಂಡಿ, ಯೂಟಾ

ಊರಲ್ಲಿ ರಾಮನವಮಿ ನಾಳೆ. ಇಲ್ಲಿಯ ಪಂಚಾಂಗದ ಲೆಕ್ಕಕ್ಕೆ ಇವತ್ತೇ. ಪಾನಕ, ಹೆಸರುಬೇಳೆ ಕೋಸಂಬರಿ ಮಾಡಿ ಪಕ್ಕದ ಮನೆ ಅಜ್ಜಿಗೂ ಒಯ್ದೆ. ಮಾರ್ಮನ್ ಚರ್ಚಿನವರು, ಕಾಫಿ, ಟೀ ಮುಟ್ಟದ ಮನೆ ಅದು. ಪಾನಕ ಅಂದರೆ ಅವರಿಗೆ ಬಲು ಇಷ್ಟ, ಶುಂಠಿ ಮಾತ್ರ ಜಾಸ್ತಿ ಇರಬೇಕು.

ಇವತ್ತು ಅವರ ಚರ್ಚಿನ ದೊಡ್ಡ ಸಭೆ, ಕಾನ್ಫರೆನ್ಸ್, ಅನ್ನೋದನ್ನೇ ಮರೆತಿದ್ದೆ. ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ನಡೆಯುತ್ತದಲ್ಲ, ಅದೇ. ಟಿವಿಯಲ್ಲಿ ಬರುತ್ತಿತ್ತು. ವಾಪಸ್ ಹೊರಟವಳನ್ನು ಕೈ ಹಿಡಿದು ಕೂರಿಸಿಕೊಂಡರು.

ಆಗಲೇ ಆ ಭಾಗ ಬಂತು. ಚರ್ಚಿನ ಅಧ್ಯಕ್ಷರನ್ನು ಪ್ರವಾದಿ ಎಂದು ಒಪ್ಪುವವರು ಬಲಗೈ ಎತ್ತಿ ಅಂತ ವೇದಿಕೆಯಿಂದ ಕೇಳುತ್ತಾರೆ. ಒಪ್ಪದವರೂ ತೋರಿಸಬಹುದು ಅನ್ನುತ್ತಾರೆ. ಸಭಾಂಗಣದ ತುಂಬ ಕೈಗಳು ಎದ್ದವು. ಮನೆಯಲ್ಲಿ ಟಿವಿ ಮುಂದೆ ಕೂತವರೂ ಎತ್ತುತ್ತಾರೆ. ಅಜ್ಜಿ ಲೋಟವನ್ನು ಎಡಗೈಗೆ ತೆಗೆದುಕೊಂಡರು. ಬಲಗೈ ಸೋಫಾದಿಂದ ಒಂದು ಗೇಣು ಮೇಲೆದ್ದಿತು. ಅಲ್ಲೇ ನಿಂತಿತು. ಬೆರಳು ಸ್ವಲ್ಪ ನಡುಗಿದವು. ಆಮೇಲೆ ಮೆಲ್ಲಗೆ ಮಡಿಲಿಗೆ ಬಂತು.

ನಾನು ಏನೂ ಕೇಳಲಿಲ್ಲ. ಅವರೇ ಟಿವಿ ಸದ್ದು ತಗ್ಗಿಸಿದರು.

"ಇದು ಭುಜದ ನೋವಲ್ಲ ಕಣಮ್ಮ" ಅಂದರು.

1970ರ ಮಾತಂತೆ. ಆಗ ಅವರ ಚರ್ಚಿನಲ್ಲಿ 12 ವರ್ಷದ ಹುಡುಗನಿಗೂ ಯಾಜಕ ಪದವಿ ಸಿಗುತ್ತಿತ್ತು, ಕಪ್ಪು ಜನಾಂಗದ ಗಂಡಸಿಗೆ ಮಾತ್ರ ಇಲ್ಲ. ಆ ಜನಾಂಗದ ಹೆಣ್ಣಿಗಾಗಲಿ ಗಂಡಿಗಾಗಲಿ ಅವರ ಪವಿತ್ರ ಮಂದಿರ, ಅಂದರೆ ಟೆಂಪಲ್‌ನಲ್ಲಿ ಮದುವೆಯೂ ಇಲ್ಲ. 1852ರಲ್ಲಿ ಚರ್ಚಿನ ಎರಡನೇ ಅಧ್ಯಕ್ಷ ಬ್ರಿಗಮ್ ಯಂಗ್ ಸಾರಿದ ನಿಯಮ. ಅಜ್ಜಿ ಆಗ ಇಪ್ಪತ್ತೆರಡರ ಹುಡುಗಿ. ಯಾಕೆ ಹೀಗೆ ಅಂತ ತನ್ನ ವಾರ್ಡಿನ, ಅಂದರೆ ಸ್ಥಳೀಯ ಸಭೆಯ, ಬಿಷಪ್ಪರನ್ನು ಕೇಳಿದಳು. ಇವರಲ್ಲಿ ಬಿಷಪ್ ಅಂದರೆ ಸಂಬಳದ ಪಾದ್ರಿ ಅಲ್ಲ, ಅದೇ ಓಣಿಯವರೊಬ್ಬರು. "ಪ್ರವಾದಿಗಿಂತ ಮುಂದೆ ಓಡಬೇಡ ಮಗಳೇ" ಅಂದರಂತೆ. ಹುಡುಗಿ ಸುಮ್ನಾದಳು. ಮುಂದಿನ ಕಾನ್ಫರೆನ್ಸಿನಲ್ಲಿ ಕೈ ಎತ್ತಿದಳು.

ಎಷ್ಟೋ ವರ್ಷದ ಮೇಲೆ ಅವರಿಗೆ ಎಲೈಜಾ ಏಬಲ್ ವಿಷಯ ಗೊತ್ತಾಯಿತಂತೆ. ಕಪ್ಪು ಮನುಷ್ಯ. ಚರ್ಚು ಸ್ಥಾಪಿಸಿದ ಜೋಸೆಫ್ ಸ್ಮಿತ್ ಬದುಕಿದ್ದಾಗಲೇ, 1836ರಲ್ಲಿ, ಯಾಜಕ ಪದವಿ ಪಡೆದವನು!

1978ರ ಜೂನ್‌ನಲ್ಲಿ ನಿಯಮ ಹೋಯಿತು. ದೇವರೇ ತಿಳಿಸಿದ ಅಂತ ಪ್ರಕಟಣೆ ಬಂತು. ಅಜ್ಜಿ ಅಡುಗೆಮನೆಯಲ್ಲಿ ಕೂತು ಅತ್ತರಂತೆ, ಖುಷಿಗೆ. ಆಗಸ್ಟ್‌ನಲ್ಲಿ ಬ್ರೂಸ್ ಮೆಕಾಂಕಿ ಎಂಬ ಹಿರಿಯ ನಾಯಕರು, ಆ ನಿಯಮವನ್ನು ಸಮರ್ಥಿಸಿ ಬರೆದಿದ್ದವರೇ, ನಾನು ಹೇಳಿದ್ದು, ಬ್ರಿಗಮ್ ಯಂಗ್ ಹೇಳಿದ್ದು ಎಲ್ಲ ಮರೆತುಬಿಡಿ, ನಮಗಾಗ ತಿಳಿವಳಿಕೆ ಕಡಿಮೆ ಇತ್ತು ಅಂದರು.

"ಅವರೇನೋ ಮರೆಯಿರಿ ಅಂದರು. ಅಷ್ಟು ವರ್ಷ ಎತ್ತಿದ್ದು ಇದೇ ಕೈ ಅಲ್ವಾ?"

ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿದೆ. ಚರ್ಚಿನ ಅಧ್ಯಕ್ಷ ಜನರನ್ನು ದಾರಿ ತಪ್ಪಿಸಲು ದೇವರು ಬಿಡುವುದಿಲ್ಲ ಅಂತ ಆಗಿನ ಅಧ್ಯಕ್ಷ ವಿಲ್ಫೋರ್ಡ್ ವುಡ್ರಫ್ 1890ರಲ್ಲಿ ಹೇಳಿದ್ದರು. ಪ್ರವಾದಿಯಾಗಿ ನಡೆಯುವಾಗ ಮಾತ್ರ ಅವನು ಪ್ರವಾದಿ ಅಂತ ಜೋಸೆಫ್ ಸ್ಮಿತ್ ಅದಕ್ಕೂ ಮೊದಲೇ ಹೇಳಿದ್ದರು. ಯಾವಾಗ ಹಾಗೆ ನಡೆಯುತ್ತಾರೆ, ಯಾವಾಗ ಇಲ್ಲ ಅಂತ ಕೂತು ಕೇಳುವವರಿಗೆ ಹೇಗೆ ಗೊತ್ತಾಗಬೇಕು? 2013ರಲ್ಲಿ ಚರ್ಚೇ ಆ ಹಳೆಯ ಸಮರ್ಥನೆಗಳನ್ನು ತಳ್ಳಿಹಾಕಿತು. ಸರಿ. ನಾಯಕರು ಬದಲಾದರೆ ಅದು ದೇವರ ಮಾತು. ಎಂಟು ವರ್ಷ ಮೊದಲೇ ಕೇಳಿದ ಹುಡುಗಿಯ ಬಳಿ ಬಂದು "ನೀನು ಸರಿ ಇದ್ದೆ" ಅಂತ ಒಬ್ಬರೂ ಹೇಳಲಿಲ್ಲವಲ್ಲ. ನನಗೆ ಸಂಕಟ ಆಗುವುದು ಅದಕ್ಕೆ.

ಚರ್ಚನ್ನು ಯಾಕೆ ಬಿಡಲಿಲ್ಲ ಅಂತ ಅಲ್ಲಿದ್ದಾಗಲೇ ಕೇಳಿಬಿಟ್ಟಿದ್ದೆ. ಕೇಳಬಾರದಿತ್ತೇನೋ.

"ಬಿಟ್ಟು? ನಾನು ದೇವರ ಹತ್ತಿರ ಮಾತಾಡಲು ಕಲಿತದ್ದೇ ಅಲ್ಲಿ" ಅಂದರು. ನಾಳೆ ಬೆಳಿಗ್ಗೆಯೂ ಟಿವಿ ಮುಂದೆ ಇರುತ್ತಾರೆ.

ಇದ್ದಕ್ಕಿದ್ದಂತೆ ಮುಖ ಅರಳಿತು. ಬೆಂಗಳೂರಿನಲ್ಲಿ ಟೆಂಪಲ್ ಕಟ್ಟುತ್ತೇವೆ ಅಂತ 2018ರಲ್ಲಿ ಹೇಳಿದಾಗ ಮೊದಲು ಫೋನ್ ಮಾಡಿದ್ದು ನನಗೇ. ನೆನಪಿದೆಯಾ ಅಂದರು. ಇದೆ. "ಅಲ್ಲಿಯ ಹುಡುಗಿಯರು ಏನಾದರೂ ಕೇಳಿದರೆ..." ಅಂದು ನಿಲ್ಲಿಸಿದರು. ಟಿವಿಯಲ್ಲಿ ಹಾಡು ಶುರುವಾಗಿತ್ತು. ಸದ್ದು ಹೆಚ್ಚು ಮಾಡಿ ಜೊತೆಗೆ ಹಾಡಿದರು.

ಲೋಟ ಅಲ್ಲೇ ಉಳಿದಿದೆ. ತರಲು ಹೋದಾಗ ಕೇಳಬೇಕು, ಆ ಬಿಷಪ್ಪರು 1978ರ ನಂತರ ಎಂದಾದರೂ ಎದುರು ಸಿಕ್ಕಾಗ