ಮನೆತನದ ಅಕ್ಕಿ ಗಿರಣಿಗೆ ಕಲರ್ ಸಾರ್ಟರ್ ತರುವ ಮುಂಚೆ

ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಗಿರಣಿಗಳಲ್ಲಿ ಹಿರಿಯರು ಹೊಸದನ್ನು ಒಪ್ಪುವುದಿಲ್ಲ ಎನ್ನುವ ಮಾತು ಅರ್ಧ ಸುಳ್ಳು. ಬಣ್ಣ ನೋಡಿ ಅಕ್ಕಿಯಿಂದ ಕಪ್ಪು ಕಾಳನ್ನು ಬೇರ್ಪಡಿಸುವ ಕಲರ್ ಸಾರ್ಟರಿಗೂ ಅಷ್ಟೇ, ಯಜಮಾನರು ಮನಸ್ಸು ಮಾಡಿದರೆ ಸಂಜೆಯೊಳಗೆ ಮುಂಗಡ ಕೊಟ್ಟಾಗಿರುತ್ತದೆ. ತೊಂದರೆ ಶುರುವಾಗುವುದು ಆಮೇಲೆ. ದೊಡ್ಡವರು ತಂದ ಯಂತ್ರ ದುಡಿಯುತ್ತಿಲ್ಲ ಎನ್ನಲು ತಮ್ಮನಿಗೂ ಬಾಯಿಲ್ಲ, ಮಗನಿಗೂ ಇಲ್ಲ. ಹಾಗಾಗಿ ಯಾವ ಅಂಕಿ ಎಷ್ಟಕ್ಕೆ ಬರದಿದ್ದರೆ ಯಂತ್ರ ವಾಪಸ್ ಅಥವಾ ಮಾರಾಟ ಎಂಬುದನ್ನು ಮುಂಗಡ ಕೊಡುವ ಮೊದಲೇ ಬರೆದು, ಮನೆಯವರೆಲ್ಲ ಸಹಿ ಹಾಕಿಡಬೇಕು.

ಆ ಅಂಕಿ ಸಿಗಬೇಕಾದರೆ ಗಿರಣಿಯಲ್ಲಿ ಈಗಿರುವ ಹಳೆಯ ಯಂತ್ರಗಳದೇ ಲೆಕ್ಕ ಮೊದಲು ಬೇಕು. ಸರ್ಕಾರದ ಗುತ್ತಿಗೆ ಮಿಲ್ಲಿಂಗಿನಲ್ಲಿ 100 ಕಿಲೋ ಭತ್ತಕ್ಕೆ 67 ಕಿಲೋ ಹಸಿ ಅಕ್ಕಿ (ಭತ್ತ ಬೇಯಿಸದೆ ಮಾಡಿದ್ದು) ಕೇಳುತ್ತಾರೆ. ಎಲ್ಲರ ಬಾಯಲ್ಲೂ ಅದೇ ಅಂಕಿ. ಆದರೆ ಸೋನಾ ಮಸೂರಿಯಲ್ಲಿ ಲಾಭ ಕೂತಿರುವುದು ಆ 67ರಲ್ಲಿ ಇಡಿ ಅಕ್ಕಿ ಎಷ್ಟು, ನುಚ್ಚು ಎಷ್ಟು ಎಂಬುದರಲ್ಲಿ. ಅಕ್ಕಿಯ ತೌಡು ತೆಗೆಯುವ ಪಾಲಿಶರ್ ಬಾಯಿಂದ ಗಂಟೆಗೊಮ್ಮೆ 100 ಗ್ರಾಂ ತೆಗೆದು, ಮುಕ್ಕಾಲು ಕಾಳಿಗಿಂತ ಚಿಕ್ಕ ಚೂರನ್ನು ಆರಿಸಿ ತೂಗಿ. ಭತ್ತದ ತೇವ 13ರಿಂದ 14 ಶೇಕಡಾ ಇದ್ದಾಗಿನ ತೂಕ ಮಾತ್ರ ಹಿಡಿಯಿರಿ. ಬಿಸಿಲಿಗೆ ಒಮ್ಮೆಲೇ ಒಣಗಿಸಿದ ಭತ್ತ ಒಳಗೇ ಬಿರಿದಿರುತ್ತದೆ, ಯಾವ ಯಂತ್ರಕ್ಕೆ ಹಾಕಿದರೂ ನುಚ್ಚೇ. ಭತ್ತದ ಹೊಟ್ಟು ಬಿಡಿಸುವ ಶೆಲ್ಲರಿನ ರಬ್ಬರ್ ರೋಲುಗಳನ್ನೂ ನೋಡಿ: ವೇಗದ ರೋಲು ಬೇಗ ಸವೆಯುತ್ತದೆ, ಎರಡನ್ನೂ ಆಗಾಗ ಅದಲು ಬದಲು ಮಾಡದಿದ್ದರೆ ವೇಗದ ವ್ಯತ್ಯಾಸ ಕಡಿಮೆಯಾಗಿ ಹೊಟ್ಟು ಬಿಡುವುದಿಲ್ಲ. ಆಗ ಮೇಸ್ತ್ರಿ ರೋಲು ಬಿಗಿ ಮಾಡುತ್ತಾನೆ, ಕಾಳು ಮುರಿಯುತ್ತದೆ. ಲಕ್ಷಗಟ್ಟಲೆ ಯಂತ್ರಕ್ಕೆ ಹೊರಟ ಎಷ್ಟೋ ಮನೆಗಳಿಗೆ ನಿಜಕ್ಕೂ ಬೇಕಿದ್ದದ್ದು ಹೊಸ ರೋಲಿನ ಜೋಡಿ.

ಸಾರ್ಟೆಕ್ಸ್ ಎಂದೇ ಜನ ಕರೆಯುವ ಕಲರ್ ಸಾರ್ಟರಿಗೆ ಬಂದರೆ, ಬೆಲೆ ಕೇಳುವಾಗ ಯಂತ್ರದ್ದು ಮಾತ್ರ ಕೇಳುತ್ತಾರೆ. ಕಂಪ್ರೆಸರ್, ಏರ್ ಡ್ರೈಯರ್, ಫಿಲ್ಟರ್, ಸ್ಟೆಬಿಲೈಸರ್, ದೂಳು ಬಾರದ ಕೋಣೆ ಇವು ಲೆಕ್ಕಕ್ಕೇ ಬರುವುದಿಲ್ಲ. ಏರ್ ಡ್ರೈಯರ್, ಫಿಲ್ಟರಿನಲ್ಲಿ ಉಳಿತಾಯ ಮಾಡಿದರೆ ಗಾಳಿಯ ಜೊತೆ ನೀರು, ಎಣ್ಣೆ ಹೋಗಿ, ಗಾಳಿ ಊದಿ ಕಾಳು ಹಾರಿಸುವ ಎಜೆಕ್ಟರ್‌ಗಳು ಕಟ್ಟಿಕೊಳ್ಳುತ್ತವೆ. ಕಪ್ಪು ಕಾಳು ಒಳ್ಳೆ ಅಕ್ಕಿಯಲ್ಲಿ ಉಳಿಯುತ್ತದೆ. ವ್ಯಾಪಾರಿ ಗೊಣಗಿದ ಕೂಡಲೇ ಆಪರೇಟರ್ ಸೆನ್ಸಿಟಿವಿಟಿ ಏರಿಸುತ್ತಾನೆ, ಒಳ್ಳೆ ಕಾಳೂ ರಿಜೆಕ್ಟಿಗೆ, ಅಂದರೆ ಬೇಡದ ಕಾಳಿನ ರಾಶಿಗೆ, ಹಾರುತ್ತದೆ. ಗಂಟೆಗೆ 4 ಟನ್ ಭತ್ತ ಆಡುವ ಗಿರಣಿಯಲ್ಲಿ ಸಾರ್ಟರಿಗೆ ಬರುವ ಅಕ್ಕಿ ಸುಮಾರು 2.7 ಟನ್. ಅದರಲ್ಲಿ 1 ಶೇಕಡಾ ಹೀಗೆ ಹಾರಿದರೆ ಗಂಟೆಗೆ 27 ಕಿಲೋ, ಹತ್ತು ಗಂಟೆಗೆ 2.7 ಕ್ವಿಂಟಲ್ ಒಳ್ಳೆ ಅಕ್ಕಿ ರಿಜೆಕ್ಟ್ ದರಕ್ಕೆ ಇಳಿಯಿತು. ಆದ್ದರಿಂದ ರಿಜೆಕ್ಟಿನದೂ 100 ಗ್ರಾಂ ಆರಿಸಿ ತೂಗಬೇಕು; ಈ ಕೆಲಸ ಯಾರೂ ಮಾಡುವುದಿಲ್ಲ.

ಸಾಲದ ಕಂತಿನ ಲೆಕ್ಕ ವರ್ಷಕ್ಕೆ ಒಂದೇ ಬೆಳೆ ಎಂದು ಹಾಕಿ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ ನೀರು ಹರಿದುಹೋದದ್ದು ನೆನಪಿದ್ದವರು ಎರಡನೇ ಬೆಳೆಯ ನಂಬಿಕೆ ಮೇಲೆ ಸಾಲ ಮಾಡುವುದಿಲ್ಲ. ಯಂತ್ರಕ್ಕೆ ಬೇರೆ ಖಾತೆ ಇರಲಿ. ಕರೆಂಟು, ಬಿಡಿಭಾಗ, ಬಡ್ಡಿ ಮನೆ ಖರ್ಚಿನ ವಹಿಯಲ್ಲಿ ಸೇರಿಹೋದರೆ ಯಂತ್ರ ಗೆದ್ದಿತೋ ಸೋತಿತೋ ಪಾಲುದಾರ ಅಣ್ಣತಮ್ಮಂದಿರಿಗೆ ಎಂದೂ ತಿಳಿಯದು. ಜೋಡಣೆಯನ್ನು ನವೆಂಬರಿನ ಸುಗ್ಗಿಗೆ ತಳ್ಳಬೇಡಿ.

ಇನ್ನೊಂದು ಸಣ್ಣ ವಿಷಯ. ಸಾರ್ಟರಿನ ಸೆಟ್ಟಿಂಗನ್ನು ಹಗಲು ಮಗ ಒಂದು ಮಾಡುತ್ತಾನೆ, ರಾತ್ರಿ ಆಪರೇಟರ್ ಇನ್ನೊಂದು ಮಾಡುತ್ತಾನೆ. ಯಂತ್ರದ ಪಕ್ಕ ಒಂದು ನೋಟ್‌ಬುಕ್ ಕಟ್ಟಿ: ತಳಿ, ತೇವ, ಸೆನ್ಸಿಟಿವಿಟಿ, ರಿಜೆಕ್ಟಿನಲ್ಲಿ ಒಳ್ಳೆ ಕಾಳು ಎಷ್ಟು ಗ್ರಾಂ, ಬದಲಿಸಿದವರ ಹೆಸರು. ಯಜಮಾನರೇ ಬದಲಿಸಿದರೂ ಅವರ ಹೆಸರೂ ಅಲ್ಲಿ ಬರಲಿ.