ನಮ್ಮ ತೊಗರಿಗೆ ಹಡಗಿನ ದರ

2025ರ ಜನವರಿ. ರಜೆ ಹಾಕಿ ಬೆಂಗಳೂರಿನಿಂದ ಆಳಂದ ಕಡೆಯ ನಮ್ಮ ಊರಿಗೆ ಹೋಗಿದ್ದೆ. ತೊಗರಿ ರಾಶಿ ಮುಗಿದಿತ್ತು. ಬೆಳಿಗ್ಗೆ ಐದಕ್ಕೇ ಅಪ್ಪ ಎಬ್ಬಿಸಿದರು. "ಏಳಪಾ, ಗಾಡಿ ಬಂದದ. ಗಂಜಿಗೆ ನೀನೂ ಬಾ."

18 ಚೀಲ ಹೇರಿಕೊಂಡು ಕಲಬುರಗಿಯ ಧಾನ್ಯದ ಮಾರುಕಟ್ಟೆ ನೆಹರೂ ಗಂಜ್ ಸೇರಿದಾಗ ಚಳಿ ಇನ್ನೂ ಬಿಟ್ಟಿರಲಿಲ್ಲ. ಅಡತಿ, ಅಂದ್ರೆ ಕಮಿಷನ್ ದಲ್ಲಾಳಿಯ ಅಂಗಡಿ ಮುಂದೆ ಹಮಾಲರು ತೊಗರಿ ಸುರಿದರು. ವ್ಯಾಪಾರಿಗಳು ಬರುತ್ತಿದ್ದರು, ಒಂದು ಹಿಡಿ ಎತ್ತಿ ಕಾಳು ಕಡಿದು ನೋಡುತ್ತಿದ್ದರು, ಮಾತಾಡದೆ ಮುಂದೆ ಹೋಗುತ್ತಿದ್ದರು. ಈಗ ಟೆಂಡರ್ ಆನ್‌ಲೈನ್. ಮುಖ ನೋಡಿ ಚೌಕಾಸಿ ಮಾಡೋಕೆ ಆಗಲ್ಲ ಅಂತ ಅಪ್ಪನಿಗೆ ಬೇಜಾರು. ಮುಖ ನೋಡಿದ ಕಾಲದಲ್ಲಿ ಅಪ್ಪನಿಗೆ ಯಾರೂ ಜಾಸ್ತಿ ಕೊಟ್ಟದ್ದು ನನಗಂತೂ ನೆನಪಿಲ್ಲ.

ಮಧ್ಯಾಹ್ನ ದರ ಬಂತು. ಆ ವರ್ಷ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ. ಅದರ ಮೇಲೆ ರಾಜ್ಯ ಸರ್ಕಾರ 450 ಕೊಡುವುದಿತ್ತು. ನಮ್ಮ ಲಾಟ್‌ಗೆ ಬಿದ್ದದ್ದು 7,200. ಬೆಂಬಲ ಬೆಲೆ ಬೇಕಾದರೆ ಸರ್ಕಾರದ ಖರೀದಿ ಕೇಂದ್ರಕ್ಕೆ ಹಾಕಬಹುದಿತ್ತು. ಆದರೆ ಹೆಸರು ಬರೆಸಿ, ಸರದಿ ಕಾದು, ಖಾತೆಗೆ ದುಡ್ಡು ಬರುವ ತನಕ ತಡೆಯಬೇಕು. ಸಾಲ ಕೊಟ್ಟವರು ಅಷ್ಟು ದಿನ ತಡೀತಾರಾ?

"ಯಾಕ್ರಿ ಇಷ್ಟ ಕಡಿಮಿ?" ಅಂದರು ಅಪ್ಪ.

ಅಡತಿಯವರು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. "ಹಡಗ ಬಂದಾವ್ರಿ ಕಾಕಾ."

ಸಮುದ್ರದ ಸುದ್ದಿಯೇ ಇಲ್ಲದ ಈ ಊರಲ್ಲಿ ಹಡಗು! ನನಗೆ ನಗು ಬಂತು. ಆದರೆ ಮಾತು ಸುಳ್ಳಲ್ಲ. ಆಫ್ರಿಕಾದ ಮೊಜಾಂಬಿಕ್ ಜೊತೆ ವರ್ಷಕ್ಕೆ 2 ಲಕ್ಷ ಟನ್‌ವರೆಗೆ ತೊಗರಿ ತರಿಸುವ ಒಪ್ಪಂದ 2016ರದ್ದು. 2021ರಲ್ಲಿ ಮ್ಯಾನ್ಮಾರ್‌ನ 1 ಲಕ್ಷ ಟನ್, ಮಲಾವಿಯ 50 ಸಾವಿರ ಟನ್ ಸೇರಿಕೊಂಡವು. ಆಫ್ರಿಕಾದ ಬೆಳೆ ನಮ್ಮ ರಾಶಿಗಿಂತ ತಿಂಗಳುಗಟ್ಟಲೆ ಮೊದಲೇ ಕಟಾವಾಗುತ್ತದೆ. ನಾವು ಚೀಲ ಹೊಲಿಯುವ ಹೊತ್ತಿಗೆ ಅದು ಇಲ್ಲಿನ ಗೋದಾಮಿನಲ್ಲಿ ಕೂತಿರುತ್ತದೆ. ಆಗ ಅದಕ್ಕೆ ಆಮದು ಸುಂಕವೂ ಇರಲಿಲ್ಲ. ಆ ವಿನಾಯಿತಿಯನ್ನು ಅದೇ ಜನವರಿಯಲ್ಲಿ 2026ರ ಮಾರ್ಚ್‌ವರೆಗೆ ಮುಂದುವರಿಸಿದರು, ಪೇಟೆಯಲ್ಲಿ ಬೇಳೆ ತುಟ್ಟಿ ಆಗಬಾರದು ಅಂತ. ಈಗ ಪೇಟೆಯವನು ಅಂದ್ರೆ ನಾನೇ ಅಲ್ವಾ? ಬೆಂಗಳೂರಲ್ಲಿ ಮೊಬೈಲ್ ಒತ್ತಿದರೆ ಹತ್ತು ನಿಮಿಷಕ್ಕೆ ಬೇಳೆ ಪ್ಯಾಕೆಟ್ ಬಾಗಿಲಿಗೆ ಬರುತ್ತದೆ. ಹತ್ತು ರೂಪಾಯಿ ಏರಿದರೆ ಗೊಣಗುವವನೂ ನಾನೇ. ಅಪ್ಪನಿಗೆ ಇದನ್ನು ಹೇಳಲಿಲ್ಲ.

ನಮ್ಮ ಮಾಲು ಹಿಡಿದ ಬೇಳೆ ಮಿಲ್ ಹತ್ತಿರದಲ್ಲೇ ಇತ್ತು. ಸುಮ್ನೆ ನೋಡೋಣ ಅಂತ ಹೋದೆವು. ಕಾಳಿನ ಸಿಪ್ಪೆ ಸ್ವಲ್ಪ ತರಚಿ, ಎಣ್ಣೆ ಸವರಿ, ಅಂಗಳದಲ್ಲಿ ಬಿಸಿಲಿಗೆ ಹರವಿದ್ದರು. ಒಣಗಿದ ಮೇಲೆ ಮತ್ತೆ ಯಂತ್ರಕ್ಕೆ. ಕ್ವಿಂಟಲ್‌ಗೆ ಎಪ್ಪತ್ತು ಎಪ್ಪತ್ತೈದು ಕಿಲೋ ಬೇಳೆ ಸಿಗುತ್ತದೆ. ಹೊಟ್ಟು, ನುಚ್ಚು ದನದ ಮೇವಿಗೆ ಹೋಗುತ್ತವೆ. 2019ರಲ್ಲಿ ಜಿಐ ಟ್ಯಾಗ್, ಅಂದ್ರೆ ಊರಿನ ಹೆಸರಿನ ಗುರುತು ಸಿಕ್ಕ ನಮ್ಮ ಗುಲ್ಬರ್ಗಾ ತೊಗರಿಯ ಪಕ್ಕದಲ್ಲೇ ಬೇರೆ ಚೀಲಗಳ ದೊಡ್ಡ ಥಪ್ಪಿ ಇತ್ತು. ಮ್ಯಾನ್ಮಾರ್‌ನಿಂದ ಬಂದದ್ದು. ವ್ಯಾಪಾರಿಗಳು ಅದಕ್ಕೆ ಲೆಮನ್ ಅನ್ನುತ್ತಾರೆ.

ಅಪ್ಪ ಒಂದು ಚೀಲದ ಬಾಯಿಗೆ ಕೈ ಹಾಕಿ ನಾಲ್ಕು ಕಾಳು ತೆಗೆದರು. ಕಡಿದರು. ಬಹಳ ಹೊತ್ತು ಅಗಿದರು.

"ಅಲ್ಲಿಯವರಿಗಿ ಎಷ್ಟ್ ಸಿಕ್ಕಿರಬೇಕು?" ಅಂದರು.

ಮಿಲ್‌ನ ಲೆಕ್ಕ ಬರೆಯುವ ಮುನೀಮರಿಗೂ ಗೊತ್ತಿರಲಿಲ್ಲ.